ಕಳಿಸಿ ಬರಲು ಹೋದವಳು

ತೊಂಡೇಬಾವಿ

ನಮ್ಮ ಕಡೆ ನೆಂಟರನ್ನು ಕಳಿಸುವುದೆಂದರೆ ಬಾಗಿಲಲ್ಲಿ ನಿಂತು ಕೈ ಬೀಸುವುದಲ್ಲ. ಅವರ ಕೈಯಿಂದ ಬ್ಯಾಗು ಕಿತ್ತುಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆಯಬೇಕು. ಬಸ್ಸು ಬರುವವರೆಗೆ ಜೊತೆಗೆ ನಿಲ್ಲಬೇಕು. ಬಂದ ಮೇಲೆ, ಮನೆಯಲ್ಲಿ ಮೂರು ದಿನ ಮಾತಾಡಿಯೂ ಮುಗಿಯದ್ದನ್ನು ಬಸ್ಸಿನ ಕಿಟಕಿಯ ಕೆಳಗೆ ನಿಂತು ಮುಗಿಸಬೇಕು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆಯೇ ವಾಪಸು. ಬಾಗಿಲಿನಿಂದಲೇ ಕಳಿಸಿಬಿಟ್ಟರೆ ಆ ನೆಂಟರು ಮುಂದಿನ ಮದುವೆ, ತಿಥಿಗಳಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಾರೆ.

ತೊಂಡೇಬಾವಿಯಲ್ಲಿ ರೈಲ್ವೆ ಸ್ಟೇಷನ್ ಇರುವುದರಿಂದ ನನ್ನ ಅಕ್ಕನ ಮನೆಯವರಿಗೆ ಈ ಕಾಯಿಲೆ ಒಂದು ಕೈ ಜಾಸ್ತಿ. ಅಕ್ಕನ ಮಗಳು ಮೈತ್ರಿ ಚಿಕ್ಕವಳಿದ್ದಾಗ ರೈಲು ಹೊರಟ ಮೇಲೂ ನನ್ನನ್ನು ಬಿಡುತ್ತಿರಲಿಲ್ಲ. ನಾನು ಕೂತ ಕಿಟಕಿಯ ಪಕ್ಕದಲ್ಲೇ ಪ್ಲಾಟ್‌ಫಾರಂ ಉದ್ದಕ್ಕೂ ಓಡುತ್ತಿದ್ದಳು. ಪ್ಲಾಟ್‌ಫಾರಂ ಮುಗಿದು ಇಳಿಜಾರಾದ ಮೇಲೂ ಜಲ್ಲಿಕಲ್ಲಿನ ಮೇಲೆ ಇನ್ನಷ್ಟು ದೂರ ಓಡಿ, “ಬೇಗ ಬಾ ಚಿಕ್ಕಮ್ಮಾ” ಎಂದು ಕೂಗಿ ನಿಲ್ಲುತ್ತಿದ್ದಳು. ನಮ್ಮ ಪ್ಯಾಸೆಂಜರ್ ರೈಲುಗಳು ನಿಧಾನ, ಒಪ್ಪಿಕೊಳ್ಳೋಣ. ಆದರೂ ಈ ಹುಡುಗಿಯ ಕಾಲಿನಲ್ಲಿ ಏನೋ ಇದೆ ಎಂದು ಮೊದಲು ಕಂಡವಳು ನಾನೇ ಎಂದು ಹೇಳಿಕೊಳ್ಳುವುದನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಪಿಯುಸಿ ಓದುವಾಗ ಮೈತ್ರಿ ಚಿಂತಾಮಣಿಯಲ್ಲಿ ನನ್ನ ಮನೆಯಲ್ಲಿದ್ದಳು. ನಾನು ಪೋಸ್ಟಾಫೀಸಿಗೆ ಹೊರಡುವ ಹೊತ್ತಿಗೆ ಅವಳು ಅಂಬಾಜಿದುರ್ಗದ ಕಡೆ ಓಡಿಹೋಗಿ, ಬೆಟ್ಟ ಹತ್ತಿ ಇಳಿದು, ಬೆವರಿಳಿಸಿಕೊಂಡು ಬಂದು ನಿಂತಿರುತ್ತಿದ್ದಳು. ಆಮೇಲೆ ಗೌರಿಬಿದನೂರಿನ ಒಬ್ಬ ಮೇಷ್ಟ್ರು ಅವಳನ್ನು ಸಾವಿರದ ಐನೂರು ಮೀಟರ್ ಓಟಕ್ಕೆ ತಯಾರು ಮಾಡಿದರು. ರಾಜ್ಯಮಟ್ಟದಲ್ಲಿ ಯಾವಾಗ ಓಡಿದರೂ ನಾಲ್ಕನೆಯವಳು, ಐದನೆಯವಳು. ಮೂರರ ಆಚೆಗಿನವರ ಫೋಟೋ ಯಾವ ಪೇಪರಿನಲ್ಲೂ ಬರುವುದಿಲ್ಲ. ವಯಸ್ಸು ಇಪ್ಪತ್ತೈದಾಯಿತು. ಅಕ್ಕ ಗೌರಿಬಿದನೂರಿನ ಒಂದು ಸ್ಕೂಲಿನಲ್ಲಿ ಪಿ.ಟಿ. ಟೀಚರ್ ಕೆಲಸ ಹುಡುಕಿಟ್ಟಳು. ಆಗಸ್ಟಿನಲ್ಲಿ ಸೇರಬೇಕು. ಸೇರಿದ ಮೇಲೆ ಓಟ ಮುಗಿದ ಹಾಗೆಯೇ ಎಂದು ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ಮೇಷ್ಟ್ರ ಸ್ನೇಹಿತರೊಬ್ಬರ ಮೂಲಕ ಫಿನ್‌ಲೆಂಡಿನಿಂದ ಕರೆ ಬಂತು. ಗೆಲ್ಲಲು ಅಲ್ಲ, ಪೇಸರ್ ಆಗಿ. ದೊಡ್ಡ ದೊಡ್ಡ ಓಟಗಾರ್ತಿಯರಿಗೆ ಒಳ್ಳೆಯ ಟೈಮು ಸಿಗಲಿ ಎಂದು ಅವರ ಮುಂದೆ ಒಬ್ಬಳನ್ನು ಓಡಿಸುತ್ತಾರಂತೆ. ಆಕೆ ಗಾಳಿಗೆ ಎದೆಕೊಟ್ಟು, ಹೇಳಿದ ವೇಗದಲ್ಲಿ ಮುಕ್ಕಾಲು ದಾರಿಯವರೆಗೆ ಓಡಿ, ಪಕ್ಕಕ್ಕೆ ಸರಿದು ಸುಮ್ಮನೆ ಹೊರಗೆ ನಡೆದುಹೋಗಬೇಕು.

“ಗೆಲ್ಲೋಕಲ್ದೆ ಓಡೋದು, ಅದ್ಯಾವ ಸೀಮೆ ಓಟಾನೇ?” ಎಂದಳು ಅಕ್ಕ. ಆಮೇಲೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, “ನೀನೂ ಹೋಗೇ ಜೊತೆಗೆ. ನಿನ್ ಮಾತು ಕೇಳ್ತಾಳೆ. ಇದೇ ಕೊನೆ, ಬಂದು ಕೆಲ್ಸಕ್ಕೆ ಸೇರ್ಕೊ ಅಂತ ಒಪ್ಸಿ ಕರ್ಕೊಂಡು ಬಾ” ಎಂದಳು. ನಾನು ಒಪ್ಪಿದೆ. ಒಂದು ಸಲ ಬುದ್ಧನ ಜಾಗಗಳನ್ನು ನೋಡಲೆಂದು ಶ್ರೀಲಂಕಾಕ್ಕೆ ಹೋಗಿಬಂದಿದ್ದರಿಂದ ನಮ್ಮ ವಂಶದಲ್ಲಿ ಪಾಸ್‌ಪೋರ್ಟ್ ಇದ್ದವಳು ನಾನೊಬ್ಬಳೇ. ವಿದೇಶದ ವಿಷಯದಲ್ಲಿ ನನ್ನದೇ ಕೊನೆಯ ಮಾತು.

ಹೊರಡುವ ದಿನ ಸ್ಟೇಷನ್ನಿಗೆ ಇಡೀ ಬೀದಿ ಬಂತು. ಪಕ್ಕದ ಮನೆಯ ಸರೋಜಮ್ಮ ಮೈತ್ರಿಯ ಕೆನ್ನೆ ಸವರಿ, “ಜಾಗ್ರತ್ತಗಾ ಪೋಯಿ ರಾ ತಲ್ಲಿ”, ಹುಷಾರಾಗಿ ಹೋಗಿ ಬಾರಮ್ಮ ಎಂದು ತೆಲುಗಿನಲ್ಲಿ ಅತ್ತರು. ರೈಲು ಬಂದಾಗ ಅಕ್ಕ, ಭಾವ, ಸರೋಜಮ್ಮ ಎಲ್ಲರೂ, “ದೊಡ್ಡಬಳ್ಳಾಪುರದ ತನಕ ಬಂದು ಕಳಿಸ್ತೀವಿ” ಎಂದು ಹತ್ತಿಬಿಟ್ಟರು. ಅಲ್ಲಿಳಿದ ಮೇಲೆ ವಿಮಾನ ನಿಲ್ದಾಣದವರೆಗೂ ಬಂದರು. ಹೀಗಾಗಿ ತೊಂಡೇಬಾವಿಯ ಪ್ಲಾಟ್‌ಫಾರಂ ಮೇಲೆ ನಿಂತು ಕೈ ಬೀಸಲು ಒಬ್ಬರೂ ಉಳಿದಿರಲಿಲ್ಲ.

ಹೆಲ್ಸಿಂಕಿಯಿಂದ ಮುಂದೆ

ಹೆಲ್ಸಿಂಕಿಯಲ್ಲಿ ಇಳಿದ ಕೂಡಲೇ ಒಬ್ಬ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿ, ರಾಗಿಹಿಟ್ಟಿನ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಏನೆಂದು ವಿವರಿಸಲು ನನ್ನ ಇಂಗ್ಲಿಷು ಸಾಲಲಿಲ್ಲ. ಪೊಟ್ಟಣದ ಬಾಯಿ ಬಿಚ್ಚಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಅವನ ಮುಂದೂ ಹಿಡಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ನಮ್ಮನ್ನು ಬಿಟ್ಟುಬಿಟ್ಟ. ಒಣ ರಾಗಿಹಿಟ್ಟು ಅಂಗುಳಿಗೆ ಅಂಟಿಕೊಂಡು ಮುಂದಿನ ಅರ್ಧ ಗಂಟೆ ನನಗೆ ಮಾತಾಡಲು ಆಗಲಿಲ್ಲ. ಆ ದೇಶಕ್ಕೆ ಅದೇ ಸರಿಯಾದ ತಯಾರಿ ಎಂದು ರೈಲು ಹತ್ತಿದ ಮೇಲೆ ತಿಳಿಯಿತು.

ರೈಲು ತುಂಬಿತ್ತು, ಮಾತಿರಲಿಲ್ಲ. ಗಂಡ ಹೆಂಡತಿ ಅಕ್ಕಪಕ್ಕ ಕೂತು ಬೇರೆ ಬೇರೆ ಕಿಟಕಿಯಲ್ಲಿ ಬೇರೆ ಬೇರೆ ಮರ ನೋಡುತ್ತಿದ್ದರು. ಮಗು ಕೂಡ ಪಿಸುಗುಟ್ಟುತ್ತಿತ್ತು. ನಮ್ಮ ಚಿಂತಾಮಣಿ ಬಸ್ಸಿನಲ್ಲಿ ಇಷ್ಟು ಜನ ಹೀಗೆ ಕೂತರೆ ಯಾರೋ ಸತ್ತಿದ್ದಾರೆ ಎಂದುಕೊಳ್ಳುತ್ತಾರೆ. ಆ ಮೌನದ ನಡುವೆ ಅಕ್ಕನ ವೀಡಿಯೊ ಕಾಲ್ ಬಂತು. ಅವಳಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ದೂರದ ದೇಶವಾದ್ದರಿಂದ ಅವತ್ತು ಇನ್ನೂ ಗಟ್ಟಿಯಾಗಿ, “ತಿಂಡಿ ಆಯ್ತೇನೇ? ಒಪ್ಕೊಂಡ್ಳಾ?” ಎಂದು ಕೂಗಿದಳು. ಬೋಗಿಯವರೆಲ್ಲ ತಂತಮ್ಮ ಬೂಟು ನೋಡಿಕೊಂಡರು.

“ಏನು ಒಪ್ಕೋಬೇಕು ನಾನು?” ಎಂದಳು ಮೈತ್ರಿ.

“ಚಳಿಗೆ ಸ್ವೆಟರ್ ಹಾಕ್ಕೊಳೋಕೆ” ಎಂದೆ. ಜುಲೈ ತಿಂಗಳು, ಹೊರಗೆ ಚೆನ್ನಾಗಿ ಬಿಸಿಲಿತ್ತು. ಅವಳು ನನ್ನನ್ನು ಒಂದು ಗಳಿಗೆ ನೋಡಿ ಕಿಟಕಿಯ ಕಡೆ ತಿರುಗಿದಳು.

ಐಲಮ್ಮನ ಮನೆ

ನಾವು ತಲುಪಿದ ಊರಿನ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಬಗ್ಗಲಿಲ್ಲ. ಆದ್ದರಿಂದ ಬರೆದು ಕೆಡಿಸುವುದಿಲ್ಲ. ಕೆರೆ ಇದೆ ಎಂದರೆ ಸಾಕು. ಹೊರಗಿನಿಂದ ಓಡಲು ಬಂದವರನ್ನು ಊರಿನ ಕೆಲವರು ಮನೆಯಲ್ಲಿ ಇಳಿಸಿಕೊಳ್ಳುತ್ತಾರೆ. ನಮಗೆ ಸಿಕ್ಕವರು ಐಲಾ ಎಂಬ ಎಪ್ಪತ್ತು ದಾಟಿದ ಹೆಂಗಸು, ಒಂಟಿಯಾಗಿದ್ದ ನಿವೃತ್ತ ನರ್ಸು. ಮೊದಲ ದಿನವೇ ನಾನು ಅವರನ್ನು ಐಲಮ್ಮ ಮಾಡಿಬಿಟ್ಟೆ. ಅವರಿಗೂ ನನ್ನಷ್ಟೇ ಇಂಗ್ಲಿಷ್ ಬರುತ್ತಿದ್ದುದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು.

ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ ಎಂದು ಕಂಡ ಕೂಡಲೇ ನನಗೆ ಆ ಜನದ ಮೇಲೆ ಗೌರವ ಬಂತು. ಉಳಿದದ್ದು ಅಷ್ಟು ಸುಲಭವಾಗಿರಲಿಲ್ಲ. ಐಲಮ್ಮ ದಿನಾ ಬೆಳಿಗ್ಗೆ ಎರಡು ಕೈಯಲ್ಲಿ ಎರಡು ಉದ್ದ ಕೋಲು ಹಿಡಿದು, ನೆಲಕ್ಕೆ ಊರುತ್ತ ಬಿರಬಿರನೆ ವಾಕಿಂಗ್ ಹೋಗುತ್ತಿದ್ದರು. ಕಾಲು ನೋವೇನೋ ಪಾಪ ಎಂದುಕೊಂಡು ಆಸರೆಗೆ ತೋಳು ಹಿಡಿಯಲು ಹೋದೆ. ಅವರು ಬಿಡಿಸಿಕೊಂಡು ನನ್ನನ್ನು ಹಿಂದೆ ಹಾಕಿ ಹೋಗೇಬಿಟ್ಟರು. ಅಲ್ಲಿ ಕೋಲು ಹಿಡಿದು ನಡೆಯುವುದೇ ಒಂದು ವ್ಯಾಯಾಮವಂತೆ. ಅವರಿಗೆ ನಿಯಮವೆಂದರೆ ನಿಯಮ. ಕಣ್ಣು ಹಾಯಿಸಿದಷ್ಟು ದೂರ ಒಂದು ಸೈಕಲ್ಲೂ ಇಲ್ಲದ ರಸ್ತೆ, ದಾಟುವ ಜಾಗದಲ್ಲಿ ಕೆಂಪು ದೀಪ. ನಾನು ದಾಟಲು ಹೆಜ್ಜೆ ಇಟ್ಟೆ. ಐಲಮ್ಮ ಕೋಲನ್ನು ನನ್ನ ಮುಂದೆ ಅಡ್ಡ ಹಿಡಿದರು. ಹಸಿರು ಬರುವವರೆಗೆ ನಾವು ಇಲ್ಲದ ವಾಹನಗಳಿಗೆ ದಾರಿ ಬಿಟ್ಟು ನಿಂತಿದ್ದೆವು.

ಸೌನಾ ಎಂಬ ಬಿಸಿ ಕೋಣೆಗೂ ಕರೆದೊಯ್ದರು. ಬಟ್ಟೆ ಬೇಡ ಎಂದರು. ನಾನು ನೈಟಿ ಹಾಕಿಕೊಂಡೇ ಕೂತೆ. ಕಾದ ಕಲ್ಲಿನ ಮೇಲೆ ನೀರು ಚೆಲ್ಲಿದಾಗ ಬಂದ ಹಬೆಗೆ ನೈಟಿ ಮೈಗೆ ಅಂಟಿ ಬೆಂದುಹೋದೆ. ಆಮೇಲೆ ಅವರು ಹಸಿ ಎಲೆಗಳ ಕಟ್ಟೊಂದನ್ನು ತೆಗೆದು ನನ್ನ ಬೆನ್ನಿಗೆ ಪಟಪಟ ಬಡಿದರು. ನಮ್ಮೂರಲ್ಲಿ ಹೀಗೆ ಬೇವಿನ ಸೊಪ್ಪಿನಿಂದ ಬಡಿದು ದೆವ್ವ ಬಿಡಿಸುತ್ತಾರೆ. ಅದನ್ನೆಲ್ಲ ನಂಬದ ಮನೆಯವಳಾದ ನಾನು ಅಷ್ಟು ದೂರ ಹೋಗಿ ಹೊಡೆಸಿಕೊಂಡು ಬಂದೆ. ಮೈ ಮಾತ್ರ ಹಗುರವಾಯಿತು, ಸುಳ್ಳು ಹೇಳಬಾರದು.

ಇನ್ನೊಂದು ದಿನ ಐಲಮ್ಮನ ಗೆಳತಿ ಕಾಫಿಗೆ ಬಂದಿದ್ದರು. ಹೊರಟಾಗ ಐಲಮ್ಮ ಬಾಗಿಲಲ್ಲಿ ಒಂದು ಪದ ಹೇಳಿ ಬಾಗಿಲು ಹಾಕಿಕೊಂಡರು. ನನಗದು ಸರಿಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮೈತ್ರಿಯನ್ನೂ ಎಳೆದುಕೊಂಡು ಆಕೆಯ ಹಿಂದೆ ಬಸ್‌ಸ್ಟಾಪಿಗೆ ಹೋದೆ. ಆಕೆ ಏನೋ ಮರೆತು ಬಂದೆನೇನೋ ಎಂದು ಎರಡು ಸಲ ಚೀಲ ನೋಡಿಕೊಂಡರು. ಬಸ್ಸು ಬಂತು, ನಾನು ಕೈ ಬೀಸಿದೆ. ಮೈತ್ರಿ ಹಳೆಯ ಚಟದಂತೆ ಬಸ್ಸಿನ ಪಕ್ಕ ನಾಲ್ಕು ಹೆಜ್ಜೆ ಓಡಿಯೂ ಬಿಟ್ಟಳು. ಒಳಗೆ ಆಕೆಯ ಮುಖ ಗಾಬರಿಯಿಂದ ಬೆಳ್ಳಗಾಗಿತ್ತು.

ಮನೆಗೆ ಬಂದ ಮೇಲೆ ಐಲಮ್ಮ ಕೇಳಿದರು, “ಯಾಕೆ ಹೋದಿರಿ? ಅವಳಿಗೆ ದಾರಿ ಗೊತ್ತಿದೆ.”

“ದಾರಿ ಗೊತ್ತಿಲ್ಲ ಅಂತ ಅಲ್ಲ. ನಮ್ಮಲ್ಲಿ ಯಾರನ್ನೂ ಅರ್ಧಕ್ಕೆ ಬಿಡುವುದಿಲ್ಲ” ಎಂದೆ. ಅವರು ಅದನ್ನು ಬಹಳ ಹೊತ್ತು ಯೋಚಿಸಿ, ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡರು.

ಬಟಾಣಿ ಅಂಗಡಿ

ಓಟದ ಹಿಂದಿನ ದಿನ ಕೆರೆಯ ಪಕ್ಕದ ಮಾರ್ಕೆಟ್ಟಿಗೆ ಹೋದೆವು. ಅಲ್ಲಿ ಹಸಿ ಬಟಾಣಿಕಾಯನ್ನು ತೂಕಕ್ಕಲ್ಲ, ಅಳತೆಗೆ ಮಾರುತ್ತಾರೆ. ಪಾತ್ರೆಯಲ್ಲಿ ಮೊಗೆದು, ಮೇಲೊಂದು ಹಿಡಿ ಸುರಿದು ಕೊಡುತ್ತಾರೆ. ನಮ್ಮಜ್ಜಿ ಸೇರಿನಲ್ಲಿ ಅವರೆಕಾಳು ಅಳೆದು ಕೊಡುತ್ತಿದ್ದುದು ನೆನಪಾಗಿ ನಾನು ಅಂಗಡಿಯವಳ ಮುಂದೆ ಸುಮ್ಮನೆ ನಿಂತುಬಿಟ್ಟೆ. ಜನ ಅದನ್ನು ಬೇಯಿಸುವುದೂ ಇಲ್ಲ. ಕೋಟು ಹಾಕಿಕೊಂಡ ಆಫೀಸಿನ ಗಂಡಸರು ರಸ್ತೆಯಲ್ಲಿ ನಡೆಯುತ್ತಲೇ ಕಾಯಿ ಬಿಡಿಸಿ ಕಾಳು ಬಾಯಿಗೆ ಎಸೆದುಕೊಳ್ಳುತ್ತಿದ್ದರು. ಅಷ್ಟು ಶಿಸ್ತಿನ ಜನ ಹೀಗೆ ತಿನ್ನುವುದನ್ನು ನೋಡಿ ನನಗೆ ಮನೆಗೆ ಬಂದ ಹಾಗಾಯಿತು. ಅವರೆಯ ಸೊಗಡು ಇಲ್ಲ, ಅಷ್ಟೇ ಕೊರತೆ.

ಬೆಂಚಿನ ಮೇಲೆ ಕೂತು ಕಾಯಿ ಬಿಡಿಸುತ್ತಾ, ಇನ್ನು ತಡ ಮಾಡಬಾರದು ಎಂದುಕೊಂಡು ಬಾಯಿ ತೆರೆದೆ. “ಮೈತ್ರಮ್ಮ, ಆ ಸ್ಕೂಲಿನ ವಿಷ್ಯ...”

“ಅಮ್ಮ ಹೇಳಿ ಕಳಿಸಿದ್ದಾಳೆ ಅಂತ ರೈಲಲ್ಲೇ ಗೊತ್ತಾಯ್ತು ಬಿಡು” ಎಂದಳು. ಸಿಟ್ಟಿರಲಿಲ್ಲ. ಕಾಳುಗಳನ್ನು ಅಂಗೈಯಲ್ಲಿ ಕೂಡಿಟ್ಟುಕೊಳ್ಳುತ್ತಿದ್ದಳು. “ಸೇರ್ತೀನಿ ಚಿಕ್ಕಮ್ಮ. ಎಷ್ಟು ದಿನ ಅಂತ ನಾಲ್ಕನೇಳಾಗಿ ಬರ್ಲಿ? ಒಂದೇ ಒಂದು ಆಸೆ ಇತ್ತು. ಇಂಥೋರ ಜೊತೆ ಒಂದ್ಸಲ ಪೂರ್ತಿ ಓಡಿ ನೋಡ್ಬೇಕು ಅಂತ. ಲಾಸ್ಟ್ ಬಂದ್ರೂ ಪರ್ವಾಗಿಲ್ಲ. ನಾಳೆ ಅದೂ ಇಲ್ಲ. ಮಧ್ಯದಲ್ಲೇ ಇಳೀಬೇಕು.”

“ಪೂರ್ತಿ ಓಡಿದ್ರೆ ತಪ್ಪಾ?”

“ತಪ್ಪಲ್ಲ. ಯುಕ್ಕಾ ಸರ್ ಹೇಳಿದ್ರು, ರೂಲ್ ಪ್ರಕಾರ ಮುಗಿಸ್ಬೋದು ಅಂತ. ಯಾರೂ ಮುಗ್ಸಲ್ಲ, ಅಷ್ಟೇ. ಅಷ್ಟು ಸ್ಪೀಡಲ್ಲಿ ಮುಂದೆ ಹೋದ್ಮೇಲೆ ಕಾಲಲ್ಲಿ ಏನೂ ಉಳಿದಿರಲ್ಲ.” ಯುಕ್ಕಾ ಎಂದರೆ ಆ ಓಟಗಳನ್ನು ನಡೆಸುವವರು, ಬೋಳುತಲೆಯ ಒಳ್ಳೆಯ ಮನುಷ್ಯ. “ಮೇಷ್ಟ್ರೂ ಫೋನಲ್ಲಿ ಹೇಳಿದ್ದು ಅದೇ. ಕೊಟ್ಟ ಕೆಲ್ಸ ನೀಟಾಗಿ ಮಾಡಿ ಹೊರಗೆ ಬಾರಮ್ಮ, ಎಕ್ಸ್‌ಟ್ರಾ ಬೇಡ ಅಂತ.”

ಕೂಡಿಟ್ಟ ಕಾಳನ್ನೆಲ್ಲ ನನ್ನ ಕೈಗೆ ಸುರಿದು, “ಅಮ್ಮಂಗೆ ಫೋನ್ ಮಾಡು, ಒಪ್ಕೊಂಡ್ಳು ಅಂತ ಹೇಳು” ಎಂದಳು.

ಬಂದ ಕೆಲಸ ಆಗಿತ್ತು. ಖುಷಿಯಾಗಬೇಕಿತ್ತು. ಬಟಾಣಿ ಬಾಯಲ್ಲಿ ಸಪ್ಪೆಯಾಯಿತು. ಅಕ್ಕನಿಗೆ ಫೋನು ಮಾಡುವುದನ್ನು ಸಂಜೆಗೆ ಮುಂದೂಡಿದೆ, ಸಂಜೆ ನಾಳೆಗೆ ಮುಂದೂಡಿದೆ.

ಮೈದಾನ

ಚಿಕ್ಕ ಸ್ಟೇಡಿಯಂ, ಮರದ ಬೆಂಚುಗಳು, ಸುತ್ತ ಪೈನ್ ಮರ. ಸಂಜೆಯ ಹೊತ್ತು, ಬಿಸಿಲು ಮಾತ್ರ ನಮ್ಮ ಮಧ್ಯಾಹ್ನದ್ದು. ಐಲಮ್ಮ ಫ್ಲಾಸ್ಕಿನಲ್ಲಿ ಕಾಫಿ ತಂದು ನನ್ನ ಪಕ್ಕ ಕೂತಿದ್ದರು. ಎಲ್ಲ ಓಟಗಾರ್ತಿಯರ ಎದೆಯ ಮೇಲೆ ಅವರವರ ಹೆಸರಿತ್ತು. ಮೈತ್ರಿಯ ಎದೆಯ ಮೇಲೆ ‘ಪೇಸ್’ ಎಂದಷ್ಟೇ ಬರೆದಿತ್ತು. ಅಪ್ಪ ಅಮ್ಮ ಅಷ್ಟು ಚೆಂದದ ಹೆಸರಿಟ್ಟಿದ್ದಾರೆ, ಬರೆಯಲು ಇವರಿಗೇನು ರೋಗ?

ಅಲ್ಲಿದ್ದವರೇನು ಸಾಮಾನ್ಯರಲ್ಲ. ಉದ್ದ ಜಡೆಯ ಒಬ್ಬಳು ಒಲಿಂಪಿಕ್ಸಿನ ಫೈನಲ್ ಓಡಿದವಳು. ಹಸಿರು ಅಂಗಿಯ ಇನ್ನೊಬ್ಬಳು ಎಲ್ಲೋ ಬೆಳ್ಳಿ ಗೆದ್ದವಳು. ಮೂರನೆಯವಳು ಅದೇ ದೇಶದ ಹುಡುಗಿ, ಜನ ಚಪ್ಪಾಳೆ ತಟ್ಟಿದ್ದೆಲ್ಲ ಅವಳಿಗೆ. ಮೈತ್ರಿ ಅವರ ನಡುವೆ ಮದುವೆಮನೆಯಲ್ಲಿ ಎಲೆ ಹಾಕಲು ನಿಂತವಳಂತೆ ನಿಂತಿದ್ದಳು.

ಗುಂಡು ಹಾರಿತು. ಮೈತ್ರಿ ಹೇಳಿದ ಹಾಗೆ ಮುಂದೆ ಹೋದಳು. ಉಳಿದವರು ಒಂದಷ್ಟು ದೂರ ಅವಳ ಬೆನ್ನಿಗೇ ಇದ್ದರು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಎರಡನೆಯ ಸುತ್ತಿನಲ್ಲಿ ಆ ಮೂವರು ದೊಡ್ಡವರು ಒಬ್ಬರನ್ನೊಬ್ಬರು ನೋಡಿಕೊಳ್ಳತೊಡಗಿದರು. ನೀನು ಮೊದಲು ಹೋಗು, ನೀನು ಮೊದಲು ಹೋಗು ಎನ್ನುವ ಹಾಗೆ. ಊಟದ ಮನೆಯಲ್ಲಿ ಮೊದಲ ಪಂಕ್ತಿಗೆ ಕೂರಲು ದೊಡ್ಡ ಮನುಷ್ಯರು ಸಂಕೋಚಪಡುತ್ತಾರಲ್ಲ, ಥೇಟ್ ಅದೇ. ಅವರು ತಡೆದರೆಂದು ಹಿಂದಿನವರೂ ನಿಧಾನವಾದರು. ಮೈತ್ರಿ ಮಾತ್ರ ತನಗೆ ಹೇಳಿದ ವೇಗದಲ್ಲೇ ಹೋಗುತ್ತಿದ್ದಳು. ನಡುವೆ ಜಾಗ ಹೆಚ್ಚುತ್ತಾ ಹೋಯಿತು. ಯಾರಿಗೂ ಚಿಂತೆಯಿರಲಿಲ್ಲ, ಹೇಗೂ ಇಳಿದುಹೋಗುವವಳು.

ಇಳಿಯಬೇಕಾದ ಜಾಗ ನಮ್ಮ ಕಣ್ಣೆದುರೇ ಇತ್ತು, ಕೊನೆಯ ಸುತ್ತಿನ ಗಂಟೆಗೆ ಸ್ವಲ್ಪ ಮೊದಲು. ಮೈತ್ರಿ ಅಲ್ಲಿಗೆ ಬಂದಳು. ಒಳಗಿನ ಗೆರೆ ಬಿಟ್ಟು ಎರಡನೆಯ ಲೇನಿಗೆ ಸರಿದಳು. ಯುಕ್ಕಾ ಅವಳಿಗೆ ಚಪ್ಪಾಳೆ ತಟ್ಟಲು ಆಗಲೇ ಕೈ ಎತ್ತಿದ್ದರು. ಅವಳು ತಿರುಗಿ ನೋಡಿದಳು. ಹಿಂದೆ ಬರಬೇಕಾದವರು ಇನ್ನೂ ತಿರುವಿನಲ್ಲೇ ಇದ್ದರು.

ಆಗ ನನಗೆ ಏನಾಯಿತೋ ಗೊತ್ತಿಲ್ಲ. ಅವಳ ಓಟ ನಿಲ್ಲಿಸಲೆಂದು ಸಮುದ್ರ ದಾಟಿ ಬಂದವಳು ಬೆಂಚಿನ ಮೇಲೆ ಹತ್ತಿ ನಿಂತು, “ನಿಲ್ಬೇಡ ಕಣೇ ಮೈತ್ರೀ! ಹೋಗೇ! ನಿಲ್ಬೇಡಾ!” ಎಂದು ಕಿರುಚಿಬಿಟ್ಟೆ. ಮೆತ್ತಗೆ ಚಪ್ಪಾಳೆ ತಟ್ಟುವ ಜನ, ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಐಲಮ್ಮನ ಕಾಫಿ ಅವರ ಮಡಿಲಿಗೆ ಚೆಲ್ಲಿತು.

ಮೈತ್ರಿ ಮತ್ತೆ ಒಳಗಿನ ಗೆರೆಗೆ ಬಂದಳು. ಗಂಟೆ ಬಾರಿಸುವವನು ಯಾರಿಗೆ ಬಾರಿಸುವುದೆಂದು ತಿಳಿಯದೆ ಒಂದು ಕ್ಷಣ ತಡೆದು, ಆಮೇಲೆ ಅವಳಿಗೇ ಬಾರಿಸಿದ. ಹಿಂದಿನವರು ಆಗಲೂ ನಂಬಲಿಲ್ಲ. ಮುಂದಿನ ತಿರುವಿನಲ್ಲಿ ಇಳಿಯುತ್ತಾಳೆ ಎಂದುಕೊಂಡರೋ ಏನೋ. ಆ ತಿರುವು ಮುಗಿದ ಮೇಲೆ ಹಸಿರು ಅಂಗಿಯವಳು ಹೊರಟಳು ನೋಡಿ, ಹದ್ದು ಬಂದ ಹಾಗೆ. ಅವಳ ಹಿಂದೆ ಉದ್ದ ಜಡೆಯವಳು. ಆಚೆಯ ಬದಿಯಲ್ಲಿ ಜಾಗ ಕರಗುತ್ತಾ ಬಂತು. ಮೈತ್ರಿಯ ತಲೆ ಹಿಂದಕ್ಕೆ ವಾಲಿತ್ತು, ಭುಜ ಮೇಲೆದ್ದಿತ್ತು. ಅಂಬಾಜಿದುರ್ಗದ ಕೊನೆಯ ಏರಿನಲ್ಲಿ ಅವಳು ಹೀಗೇ ಕಾಣುತ್ತಿದ್ದಳು. ಕಾಲಲ್ಲಿ ಏನೂ ಉಳಿದಿರಲ್ಲ ಎಂದು ಅವಳೇ ಹೇಳಿದ್ದು ನೆನಪಾಯಿತು. ಗೆಲ್ಲುವುದೂ ಬೇಡ, ಕೊನೆಯಲ್ಲಿ ಬೀಳದಿದ್ದರೆ ಸಾಕು ಎಂದುಕೊಂಡೆ. ಐಲಮ್ಮ ನನ್ನ ಕೈಯನ್ನು ಮೂಳೆ ಮುರಿಯುವ ಹಾಗೆ ಹಿಡಿದಿದ್ದರು.

ಕೊನೆಯ ನೇರ ದಾರಿಯಲ್ಲಿ ಹಸಿರು ಅಂಗಿಯವಳು ಅವಳ ಭುಜಕ್ಕೆ ಬಂದಳು. ಮೈತ್ರಿ ಅವಳನ್ನು ಮುಂದೆ ಬಿಡಲಿಲ್ಲ. ಇಬ್ಬರೂ ಒಟ್ಟಿಗೆ ಗೆರೆ ದಾಟಿದ ಹಾಗೆ ಕಂಡಿತು. ಮೈತ್ರಿ ಆ ರಭಸಕ್ಕೆ ಮುಗ್ಗರಿಸಿ ಕೂತಳು.

ಬೋರ್ಡಿನಲ್ಲಿ ಏನೂ ಬರಲಿಲ್ಲ. ಮೈಕಿನವನು ಏನೋ ಶುರು ಮಾಡಿ ನಿಲ್ಲಿಸಿದ, ಅವನ ಹತ್ತಿರ ಹೇಳಲು ಹೆಸರಿರಲಿಲ್ಲ. ಅಧಿಕಾರಿಗಳು ಗುಂಪುಗೂಡಿದರು. ಯುಕ್ಕಾ ಓಡಿಹೋಗಿ ಅವರ ಜೊತೆ ಕೈಯಾಡಿಸಿ ಮಾತಾಡತೊಡಗಿದರು. ಹುಡುಗಿ ಏನೋ ತಪ್ಪು ಮಾಡಿದಳು, ನಾನು ಕೂಗಬಾರದಿತ್ತು ಎಂದುಕೊಂಡೆ. ಐಲಮ್ಮ ಮಾತ್ರ, “ನಿಯಮ ಇದೆ. ಪಟ್ಟಿಯಲ್ಲಿದ್ದಾಳೆ. ಹೊರಗೆ ಇಳಿಯಲಿಲ್ಲ. ಸರಿ ಇದೆ” ಎಂದು ಮತ್ತೆ ಮತ್ತೆ ಹೇಳಿದರು. ನಿಯಮದ ವಿಷಯದಲ್ಲಿ ಅವರನ್ನು ನಂಬದೆ ಇನ್ಯಾರನ್ನು ನಂಬಲಿ? ಕೊನೆಗೆ ಬೋರ್ಡು ಬೆಳಗಿತು. ಎಲ್ಲಕ್ಕಿಂತ ಮೇಲೆ ಮೈತ್ರಿಯ ಹೆಸರಿತ್ತು. ನಾನು ಅತ್ತೆ. ತಡೆಯಲು ನೋಡಲೂ ಇಲ್ಲ.

ಹಸಿರು ಅಂಗಿಯವಳು ಬಂದು ಮೈತ್ರಿಯನ್ನು ಕೈ ಹಿಡಿದು ಎಬ್ಬಿಸಿ, ಇನ್ನು ಮುಂದೆ ನಿನ್ನನ್ನು ಮುಂದೆ ಬಿಡುವುದಿಲ್ಲ ಎಂದು ನಕ್ಕಳಂತೆ. ಉದ್ದ ಜಡೆಯವಳು ಮುಖ ತಿರುಗಿಸಿಕೊಂಡು ಹೋದಳು. ಅದೂ ನ್ಯಾಯವೇ.

ನಾನು ಕೆಳಗೆ ಹೋದಾಗ ಮೈತ್ರಿ ಇನ್ನೂ ಏದುಸಿರು ಬಿಡುತ್ತಿದ್ದಳು. “ನಾನು ಕೂಗಿದ್ದು ಕೇಳಿಸ್ತಾ?” ಎಂದೆ.

“ನೀನು ಕೂಗಿದ್ಯಾ?” ಎಂದಳು. “ನಂಗೇನೂ ಕೇಳ್ಸಿಲ್ಲ ಚಿಕ್ಕಮ್ಮ. ಇಳಿಯಣ ಅಂತಾನೇ ಸರಿದೆ. ತಿರುಗಿ ನೋಡಿದ್ರೆ ಇವ್ರು ಯಾರೂ ಬಂದೇ ಇಲ್ಲ! ಹಂಗೆ ಅರ್ಧಕ್ಕೆ ಬಿಟ್ಟು ಹೋಗಕ್ಕೆ ಮನಸ್ಸೇ ಬರ್ಲಿಲ್ಲ. ಸರಿ, ಅವರು ಬರೋ ತನಕ ಇನ್ನೊಂಚೂರು ಕಳಿಸಿ ಬರಣ ಅಂತ ಹೋದೆ.” ಉಸಿರು ತೆಗೆದುಕೊಂಡಳು. “ಅವ್ರು ಬರ್ಲೇ ಇಲ್ಲ ಕಣೇ ಚಿಕ್ಕಮ್ಮ.”

ಯುಕ್ಕಾ ಬಂದು ಇಬ್ಬರ ಕೈಯನ್ನೂ ಕುಲುಕಿದರು. ಟೈಮು ದೊಡ್ಡದೇನಲ್ಲ ಎಂದು ನೇರವಾಗಿಯೇ ಹೇಳಿದರು, ಆ ಜನಕ್ಕೆ ಬೆಣ್ಣೆ ಹಚ್ಚಿ ಗೊತ್ತಿಲ್ಲ. ಆದರೆ ಆಗಸ್ಟಿನಲ್ಲಿ ಪಕ್ಕದ ಊರಲ್ಲಿ ಇನ್ನೊಂದು ಓಟವಿದೆ, ಬರುತ್ತೀಯಾ ಎಂದು ಕೇಳಿದರು. ಮೈತ್ರಿ ತನ್ನ ಎದೆಯ ಮೇಲಿನ ಚೀಟಿ ತೋರಿಸಿದಳು. ಯುಕ್ಕಾ ತಲೆಯಾಡಿಸಿದರು. “ಇಲ್ಲ. ಈ ಸಲ ಹೆಸರಿನ ಜೊತೆ.”

ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ. “ಓಟ ಮುಗೀತು ಕಣಕ್ಕ” ಎಂದೆ.

“ಬಿದ್ಳಾ?” ಅದೇ ಅವಳ ಮೊದಲ ಪ್ರಶ್ನೆ.

“ಗೆದ್ಳು.”

“ಇದು ಗೆಲ್ಲೋ ಓಟ ಅಲ್ಲ ಅಂದಿದ್ರಲ್ಲೇ?”

“ಹೂಂ ಕಣಕ್ಕ. ಅದನ್ನೇ ಗೆದ್ಳು.”

ಅಕ್ಕ ಫೋನಿನಲ್ಲಿ ಮೊದಲ ಸಲ ಮೆಲ್ಲಗೆ, “ಸ್ಕೂಲಿನೋರಿಗೆ ಏನು ಹೇಳ್ಲಿ?” ಎಂದಳು.

“ಅವಳು ಬರಲ್ಲ, ಬೇರೆಯೋರನ್ನ ನೋಡ್ಕೊಳ್ಳಿ ಅನ್ನು. ಆಗಸ್ಟಲ್ಲಿ ಅವಳಿಗೆ ಓಟ ಇದೆ.”

“ನಿನ್ನ ಕಳಿಸಿದ್ದೇ ತಪ್ಪಾಯ್ತು ನಂದು” ಎಂದಳು. ಮೂಗು ಸೀಟಿಕೊಂಡ ಸದ್ದಾಯಿತು. “ಮುದ್ದೆ ಮಾಡ್ಕೊಟ್ಯಾ ಅವಳಿಗೆ? ಮಾಡ್ಕೊಡೇ. ಇನ್ನೂ ಓಡ್ಬೇಕಲ್ಲ.”

ಸ್ಟೇಷನ್ನು

ವೀಸಾ ಮುಗಿಯುವ ಮುಂಚೆ ಊರಿಗೆ ಬಂದು ಮತ್ತೆ ಹೋಗಬೇಕಿತ್ತು. ಹೊರಡುವ ಬೆಳಿಗ್ಗೆ ಐಲಮ್ಮನ ಮನೆಯ ಬಾಗಿಲಲ್ಲಿ ನಾನೇ ಮುಂದಾಗಿ ಕೈ ಮುಗಿದೆ. ಅವರ ಪದ್ಧತಿ ಅವರಿಗೆ, ನೋಯಿಸಬಾರದು ಎಂದುಕೊಂಡಿದ್ದೆ. ಅವರು ಒಂದು ಪದ ಹೇಳಿದರು. ಆಮೇಲೆ ಬೂಟು ಹಾಕಿಕೊಂಡು, ಎರಡೂ ಕೋಲು ತೆಗೆದುಕೊಂಡು, ನಮ್ಮ ಜೊತೆಗೇ ಹೊರಟರು.

“ದಾರಿ ಗೊತ್ತಿದೆ ನಮಗೆ” ಎಂದೆ.

“ಗೊತ್ತು” ಎಂದರು.

ಪ್ಲಾಟ್‌ಫಾರಂ ಮೇಲೆ ನಾವು ಮೂವರೂ ಮಾತಿಲ್ಲದೆ ನಿಂತಿದ್ದೆವು. ಆ ಹೊತ್ತಿಗೆ ನನಗೂ ಹಾಗೆ ನಿಲ್ಲುವುದು ಅಭ್ಯಾಸವಾಗಿತ್ತು. ರೈಲು ಬಂತು, ಹತ್ತಿದೆವು. ಅಲ್ಲಿನ ಕಿಟಕಿಗಳು ತೆರೆಯುವುದಿಲ್ಲ. ಗಾಜಿನ ಆಚೆ ಐಲಮ್ಮ ಹಳದಿ ಗೆರೆಯ ಹಿಂದೆ ನೆಟ್ಟಗೆ ನಿಂತಿದ್ದರು.

ರೈಲು ಅಲುಗಿತು. ಐಲಮ್ಮ ಕೋಲು ಊರಿ ನಡೆಯತೊಡಗಿದರು. ರೈಲಿನ ಜೊತೆಗೇ, ನಮ್ಮ ಕಿಟಕಿಯ ಪಕ್ಕದಲ್ಲೇ. ರೈಲು ಜೋರಾಯಿತು, ಅವರೂ ಜೋರಾದರು. ಕೋಲುಗಳು ಟಕಟಕ ನೆಲಕ್ಕೆ ಬೀಳುತ್ತಿದ್ದವು, ಬಿಳಿ ಕೂದಲು ಹಾರುತ್ತಿತ್ತು. ಬೆಂಚುಗಳ ಮೇಲೆ ಕೂತಿದ್ದವರೆಲ್ಲ ತಲೆ ಎತ್ತಿದರು. ಒಂದು ಕಂಬ ಅಡ್ಡ ಬಂತು. ಖಾಲಿ ರಸ್ತೆಯಲ್ಲಿ ಹಸಿರು ದೀಪಕ್ಕೆ ಕಾದು ನಿಲ್ಲುತ್ತಿದ್ದ ಆ ಹೆಂಗಸು ಕಂಬವನ್ನು ಬಳಸಲು ಹಳದಿ ಗೆರೆ ದಾಟಿ, ಮತ್ತೆ ಒಳಗೆ ಬಂದು, ನಿಲ್ಲದೆ ನಡೆದರು.

“ಸಾಕು ಅಜ್ಜಿ, ನಿಂತ್ಕೊಳ್ಳಿ, ಬೀಳ್ತೀರಾ” ಎಂದು ಮೈತ್ರಿ ಗಾಜಿಗೆ ಎರಡೂ ಕೈ ಒತ್ತಿ ಕೂಗುತ್ತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಗೆದ್ದ ದಿನವೂ ಅವಳು ಅತ್ತಿರಲಿಲ್ಲ. ಇಷ್ಟು ವರ್ಷ ರೈಲಿನ ಪಕ್ಕ ಓಡಿದವಳು ಅವಳು. ಒಳಗೆ ಕೂತು, ತನಗಾಗಿ ಒಬ್ಬರು ಓಡುವುದನ್ನು ನೋಡಿದ್ದು ಅದೇ ಮೊದಲು.

ಪ್ಲಾಟ್‌ಫಾರಂ ಮುಗಿಯಿತು. ಐಲಮ್ಮ ತುದಿಯಲ್ಲಿ ನಿಂತು ಒಂದು ಕೋಲನ್ನು ಮೇಲೆತ್ತಿದರು.